ಇನ್ನೂ ಹಸಿ ಐತ್ರಿ

"ಅದನ್ನ ಕೀಳಬ್ಯಾಡ್ರಿ! ಅದು ನಮ್ಮ ಮನಿಯವರು ಮಾಡಿದ್ದು."

ವಿದ್ಯಾಶ್ರೀಯ ಮಾತಿಗೆ ಅಂಬರೀಶ ಉಳಿಯನ್ನು ಕೆಳಗಿಟ್ಟ. ಸವಣೂರಿನ ಆ ಮನೆಯ ಗೋಡೆಯ ಬುಡದಲ್ಲಿ ಇಟ್ಟಂಗಿಗಳು ತೇವ ಹಿಡಿದು ಹಿಟ್ಟಿನಂತೆ ಉದುರುತ್ತಿದ್ದವು. ಅವಳ ಗಂಡ ದುರ್ಗೇಶ ತೀರಿಕೊಳ್ಳುವ ಹಿಂದಿನ ವರ್ಷ ಅವುಗಳ ಮೇಲೆ ಮೊಣಕಾಲೆತ್ತರ ಸಿಮೆಂಟು ಮೆತ್ತಿ ಗಿಲಾವು ಮಾಡಿದ್ದ. ಅವನ ಕೈಕೆಲಸವೆಂದು ಉಳಿದದ್ದು ಅದೊಂದೇ.

ಗೋಡೆ ರಿಪೇರಿಗೆಂದು ಯಲವಿಗಿಯಿಂದ ಬಂದಿದ್ದ ಗೌಂಡಿ ಅವನು; ವಾದಿಸಲಿಲ್ಲ. "ನೀವ ಒಮ್ಮಿ ಬಡದು ಕೇಳ್ರಿ," ಎಂದು ಸುತ್ತಿಗೆಯನ್ನು ಅವಳತ್ತ ಚಾಚಿದ.

ಅವಳು ಬಡಿದಳು. ಒಳಗೆಲ್ಲ ಟೊಳ್ಳು.

"ಹಂಗಾದ್ರ ಅವರು ತಪ್ಪು ಮಾಡಿದ್ರೇನು?"

"ತಪ್ಪು ಯಾಕ್ರಿ? ನೀವು ಬೆಚ್ಚಗಿರ್ಲಿ ಅಂತ ಮಾಡ್ಯಾರ. ತೇವ ಹೊರಗ ಹೋಗಾಕ ದಾರಿ ಬೇಕಂತ ಗೊತ್ತಿರಲಿಲ್ಲ, ಅಷ್ಟ."

ಸತ್ತವನ ಮರ್ಯಾದೆ ಕಾಯ್ದ ಆ ಮಾತಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಸಿಮೆಂಟಿನ ಮೊದಲ ಚೂರನ್ನು ತಾನೇ ಎಬ್ಬಿಸಿದಳು.

ಕೆಲಸ ನಿಧಾನ. ಹಾಳಾದ ಇಟ್ಟಂಗಿಗಳನ್ನೆಲ್ಲ ಒಮ್ಮೆಗೇ ತೆಗೆದರೆ ಮೇಲಿನ ಗೋಡೆ ಕುಸಿಯುತ್ತದೆ. ಅಂಬರೀಶ ಅಲ್ಲೊಂದು ಇಲ್ಲೊಂದು ತೆಗೆದು, ಹೊಸದನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ, ಅದು ಬಿಗಿದ ಮೇಲೆಯೇ ಪಕ್ಕದ್ದಕ್ಕೆ ಕೈಹಾಕುತ್ತಿದ್ದ. ನೀರಲ್ಲಿ ನೆನೆದ ಇಟ್ಟಂಗಿಯನ್ನು ವಿದ್ಯಾಶ್ರೀ ಹೊಲಿಗೆ ಮೆಷಿನ್ ಬಿಟ್ಟೆದ್ದು ಕೊಡುತ್ತಿದ್ದಳು. ಬೆರಳಿಗೆ ಬೆರಳು ತಾಗಿದರೆ ಅವನ ಕಣ್ಣು ಗೋಡೆಗೆ ಓಡುತ್ತಿತ್ತು, ಕಿವಿ ಕೆಂಪಾಗುತ್ತಿತ್ತು. ಅವಳಿಗೆ ಬಹಳ ದಿನಗಳ ಮೇಲೆ ನಗು ಬರುತ್ತಿತ್ತು.

"ಏ ಗೌಂಡಿ," ಅತ್ತೆ ಶಾರವ್ವ ಕಟ್ಟೆಯ ಮೇಲಿಂದ ಕೂಗುತ್ತಿದ್ದಳು, "ಇಟ್ಟಂಗಿ ಇಡಾಕತ್ತೀಯೋ, ಕೂಸು ಮಲಗಸಾಕತ್ತೀಯೋ?"

"ಎರಡೂ ಸಾವಕಾಶ ಮಾಡಬೇಕವ್ವಾ."

ಕೊನೆಗೆ ಸುಣ್ಣದ ಗಿಲಾವೂ ಮುಗಿಯಿತು. ಅದು ಒಣಗಿದ ಮೇಲೆ ಸುಣ್ಣ ಬಳಿದರೆ ಅವನಿಗೆ ಇಲ್ಲಿ ಕೆಲಸವಿಲ್ಲ. ಅವನು ದಿನವೂ ಬೈಕಿನಲ್ಲಿ ಬಂದು, ಅಂಗೈಯಿಂದ ಗೋಡೆ ಮುಟ್ಟಿ, "ಇನ್ನೂ ಹಸಿ ಐತ್ರಿ" ಎಂದು ಹೇಳಿ, ಚಹಾ ಕುಡಿದು ಹೋಗುತ್ತಿದ್ದ. ಹೀಗೆ ಎಂಟು ದಿನ.

ಒಂಬತ್ತನೆಯ ದಿನ ಅವನು ಗೋಡೆ ಮುಟ್ಟಲಿಲ್ಲ.

"ನಾ ಸುಳ್ಳು ಹೇಳೇನ್ರಿ. ಗ್ವಾಡಿ ಒಣಗಿ ಐದು ದಿನ ಆತು."

"ನನಗೂ ಗೊತ್ತೈತಿ," ವಿದ್ಯಾಶ್ರೀ ಸೂಜಿಗೆ ದಾರ ಪೋಣಿಸುತ್ತ ಅಂದಳು. "ದಿನಾ ಮುಂಜಾನೆ ಮುಟ್ಟಿ ನೋಡೇನಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಸುಣ್ಣ ಬಳದು ಹೊಂಟ ಹೋಗತಿದ್ರಿ."

ದಾರ ಸೂಜಿಯ ಕಣ್ಣಿಗೆ ಸಿಗಲೇ ಇಲ್ಲ.

"ನನ್ನ ಮದಿವಿ ಆಗ್ತೀರೇನ್ರಿ?" ಅಂಬರೀಶ ಕೇಳಿಯೇಬಿಟ್ಟ.

ಅವಳ ಮನಸ್ಸು ಹೂಂ ಎಂದಿತು. ಆದರೆ ಮಗನನ್ನು ಕಳೆದುಕೊಂಡ ಶಾರವ್ವನಿಗೆ ತಾನಲ್ಲದೆ ಯಾರಿದ್ದಾರೆ? "ಅತ್ತೀನ್ನ ಬಿಟ್ಟು ನಾ ಎಲ್ಲೂ ಬರಂಗಿಲ್ರಿ."

"ಬರ್ರಿ ಅಂತ ಎಲ್ಲಿ ಅಂದೆ? ಯಲವಿಗ್ಯಾಗ ನನಗೂ ಯಾರಿಲ್ಲ. ಅವ್ವ ಒಪ್ಪಿದ್ರ ನಾನ ಇಲ್ಲಿಗೆ ಬರ್ತೇನಿ."

ಅತ್ತೆ ಒಳಗಿದ್ದಳು. ವಿದ್ಯಾಶ್ರೀ ಅಳುಕುತ್ತ ಒಳಗೆ ಹೋದಳು. ಶಾರವ್ವ ದೇವರ ಮುಂದೆ ಸೆರಗೊಡ್ಡಿ ಕುಳಿತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಎಲ್ಲಾ ಕೇಳಿಸ್ತು. ಮಗನ್ನ ಯಾಕ ಒಯ್ದಿ ಅಂತ ಇಷ್ಟು ದಿನ ದೇವ್ರ ಜೋಡಿ ಜಗಳಾ ಆಡೇನಿ. ಇವತ್ತ ಕೈಮುಗದೆ." ಅವಳು ಸೊಸೆಯ ಕೈ ಹಿಡಿದಳು. "ನಮ್ಮ ಮಂದ್ಯಾಗ ಸೀರಿ ಉಡಿಸಿ ಎರಡನೇ ಮದಿವಿ ಮಾಡೂದು ಹೊಸಾದೇನಲ್ಲ. ಆ ಸೀರಿ ಗಂಡಿನವ್ರು ತರೂದು ವಾಡಿಕಿ. ಇದನ್ನ ಮಾತ್ರ ನಾ ತರ್ತೇನಿ. ಹಸರು ಬೇಕೋ, ಕೆಂಪು ಬೇಕೋ?"

ವಿದ್ಯಾಶ್ರೀ ಅವಳ ಮಡಿಲಲ್ಲಿ ಮುಖವಿಟ್ಟಳು.

"ನೀ ಯಾವುದು ತಂದ್ರೂ ಅದ, ಅವ್ವಾ."

ಅತ್ತೀ ಎಂದು ಕರೆಯುವುದನ್ನು ಅವಳು ಅಂದೇ ಮರೆತಳು.