ಕೋಟೇಶ್ವರಮ್ಮ ಒಪ್ಪಿಕೊಂಡ ಮೇಲೆ

ಇಂದುಧರನನ್ನು ಮೊದಲ ಸಲ ಕಂಡಾಗ ನಾನು ಅವನ ಹತ್ತಿರವೇ ದೇಣಿಗೆ ಕೇಳಿದ್ದೆ.

ವಿಶಾಖಪಟ್ಟಣದ ಬಂದರಿಗೆ ಹೋಗುವ ರಸ್ತೆಯಲ್ಲಿ ಸತ್ಯಮೂರ್ತಿ ಎಂಬ ಶಿಪ್ಪಿಂಗ್ ಏಜೆಂಟರ ಆಫೀಸು. ನನ್ನ ಮಗಳು ಧನ್ಯಾ ಓದುವ ವಸತಿ ಶಾಲೆ ಇರುವುದು ದೂರದ ವಿಜಯವಾಡದ ಬಳಿ, ಕೊಂಡಪಲ್ಲಿಯ ಆಚೆ. ಅಲ್ಲಿ ಹುಡುಗಿಯರ ಹಾಸ್ಟೆಲು ಹಳೆಯದಾಗಿ ಸೋರುತ್ತಿತ್ತು. ಹೊಸದು ಕಟ್ಟಿಸಲು ಹಣ ಕೂಡಿಸುವ ಕ್ಯಾಂಪೇನಿಗೆ ಶಾಲೆಯವರು ಇಬ್ಬರು ಸ್ವಯಂಸೇವಕ ಮುಖ್ಯಸ್ಥರನ್ನು ಆರಿಸಿದ್ದರು. ವಿಶಾಖಪಟ್ಟಣದ ಪೋಷಕರ ಪರವಾಗಿ ನಾನು, ವಿಜಯವಾಡದ ಹಳೆಯ ವಿದ್ಯಾರ್ಥಿಗಳ ಪರವಾಗಿ ಇಂದುಧರ. ದೊಡ್ಡ ದಾನಿಗಳ ಹತ್ತಿರ ಒಬ್ಬರೇ ಹೋಗಬಾರದು, ಇಬ್ಬರೂ ಜೊತೆಯಲ್ಲಿ ಹೋಗಿ ಕೇಳಬೇಕು ಎಂಬುದು ಶಾಲೆಯ ನಿಯಮ.

ಅವನ ಮುಖ ನಾನು ನೋಡಿರಲಿಲ್ಲ. ವಾಟ್ಸಾಪಿನಲ್ಲಿ ಮುಖ ಇರಬೇಕಾದ ಕಡೆ ಒಂದು ಕೊಂಡಪಲ್ಲಿ ಗೊಂಬೆ ಕೂತಿತ್ತು. ಅವತ್ತು ಸತ್ಯಮೂರ್ತಿಯವರ ಕೋಣೆಗೆ ಹೋದರೆ ಬಿಳಿ ಅಂಗಿಯ, ಕಿವಿಯ ಬಳಿ ನರೆತ ಗಂಡಸೊಬ್ಬ ಸೋಫಾದಲ್ಲಿ ಆರಾಮಾಗಿ ಕೂತಿದ್ದ. ಇವರೇ ಸತ್ಯಮೂರ್ತಿ ಎಂದುಕೊಂಡು, ಕನ್ನಡಿಯ ಮುಂದೆ ಉರು ಹೊಡೆದ ತೆಲುಗಿನಲ್ಲಿ ಶುರು ಮಾಡಿದೆ. ಸೋರುವ ಚಾವಣಿ, ಒದ್ದೆ ಹಾಸಿಗೆ, ಹೆಣ್ಣುಮಕ್ಕಳ ಭವಿಷ್ಯ, ಯಾವುದನ್ನೂ ಬಿಡಲಿಲ್ಲ. ಅವನು ಕಣ್ಣು ಮಿಟುಕಿಸದೆ ಕೇಳಿದ.

"ಭಾಳ ಚೆಂದ ಕೇಳ್ತೀರಿ," ಎಂದ ಕೊನೆಗೆ, ಕನ್ನಡದಲ್ಲಿ. "ಆದ್ರ ಸತ್ಯಮೂರ್ತಿಗಾರು ಆ ಒಳಗಿನ ರೂಮಿನಾಗ ಇದ್ದಾರ. ನಾನು ಇಂದುಧರ."

ನನಗೆ ಮೈಯೆಲ್ಲ ಉರಿದುಹೋಯಿತು. "ಮೊದಲೇ ಹೇಳೋಕೇನಾಗಿತ್ತು? ಮತ್ತೆ ಕನ್ನಡ ಬರುತ್ತೆ ಅಂತಲೂ ಹೇಳಿರ್ಲಿಲ್ಲ!"

"ಬಾಗಿಲ ಹೊರಗ ನೀವು ಫೋನಿನಾಗ ಕನ್ನಡ ಮಾತಾಡಿದ್ದು ಕೇಳಿಸ್ತು. ಇಷ್ಟು ಚೆಂದ ಕೇಳಾಕತ್ತಾಗ ನಡುವ ಬಾಯಿ ಹಾಕಾಕ ಮನಸ್ಸಾಗಲಿಲ್ಲಂಡಿ."

ಕನ್ನಡಕ್ಕೆ ಅಂಟಿಸಿದ ತೆಲುಗಿನ ಆ ಗೌರವದ 'ಅಂಡಿ' ಕೇಳಿ ನಗು ಬಂತು. ಬಂದದ್ದನ್ನು ಬಿಗುಮಾನದಿಂದ ನುಂಗಿಕೊಂಡೆ. ನಾವು ಹಾಸನದವರು ಅಷ್ಟು ಬೇಗ ನಗುವುದಿಲ್ಲ.

ಅವನ ಕನ್ನಡದ್ದೇ ಒಂದು ಕಥೆ. ತಾಯಿ ರತ್ನಮ್ಮ ಬಳ್ಳಾರಿಯವರು, ತಂದೆ ವಿಜಯವಾಡದ ತೆಲುಗಿನವರು. ಮನೆಯಲ್ಲಿ ತಾಯಿಯ ಜೊತೆ ಬಿಟ್ಟರೆ ಅವನು ಇನ್ನೆಲ್ಲೂ ಕನ್ನಡ ಆಡಿದವನಲ್ಲ. ತಾಯಿ ಹೋದ ಮೇಲೆ ಆಡಲು ಯಾರೂ ಇರಲಿಲ್ಲ. ಹೀಗಾಗಿ ಅವನಿಗೆ ಸಲೀಸಾಗಿ ಬರುತ್ತಿದ್ದುದು ತಾಯಿ ಮಗನಿಗೆ ಹೇಳುವ ಮಾತು ಮಾತ್ರ. ಉಣ್ಣು, ತಲೆ ಒರೆಸಿಕೋ, ಬಿಸಿ ಐತಿ ಮುಟ್ಟಬ್ಯಾಡ. ನಲವತ್ತು ದಾಟಿದ ನನಗೆ ಮೆಟ್ಟಿಲ ಬಳಿ "ಮೆಲ್ಲಕ ಇಳಿ" ಎಂದುಬಿಡುತ್ತಿದ್ದ. ಆಮೇಲೆ ನಾಲಿಗೆ ಕಚ್ಚಿಕೊಂಡು "ಇಳೀರಂಡಿ" ಎಂದು ಸರಿಪಡಿಸಿಕೊಳ್ಳುತ್ತಿದ್ದ.

"ವ್ಯವಹಾರ ಎಲ್ಲ ನೀವು ತೆಲುಗಲ್ಲೇ ಮಾಡಿ," ಎಂದು ನಾನು ರೇಗಿಸುತ್ತಿದ್ದೆ. "ದಾನಿಗಳಿಗೆ ತಲೆ ಒರೆಸಿಕೋ ಅಂದ್ರೆ ಕಷ್ಟ."

ರೇಗಿಸುತ್ತಿದ್ದೆ ನಿಜ. ಆದರೆ ಮೆಲ್ಲಗೆ ಇಳಿ ಎನ್ನುವವರು ನನಗೂ ಯಾರೂ ಉಳಿದಿರಲಿಲ್ಲ. ನನ್ನ ಗಂಡ ಅರವಿಂದ ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದ. ಗಟ್ಟಿಮುಟ್ಟಾಗಿದ್ದವನು ಒಂದು ಬೆಳಗ್ಗೆ ವಾಲಿಬಾಲ್ ಆಡುತ್ತಿದ್ದಂತೆ ಕುಸಿದ, ಏಳಲಿಲ್ಲ. ಆರು ವರ್ಷದ ಮೇಲಾಯಿತು. ಊರಿಗೆ ಬಂದುಬಿಡು ಎಂದು ಅಣ್ಣ ಕರೆದ. ನಾನು ಹೋಗಲಿಲ್ಲ. ನೌಕಾಪಡೆಯ ನಿವೃತ್ತರೇ ತುಂಬಿರುವ ಅಪಾರ್ಟ್‌ಮೆಂಟಿನಲ್ಲಿ, ಸಮುದ್ರ ಕಾಣುವ ಫ್ಲ್ಯಾಟಿನಲ್ಲಿ ಉಳಿದುಕೊಂಡೆ. ಅಲ್ಲಿ ಎಲ್ಲರಿಗೂ ನಾನು ಮಿಸೆಸ್ ಅರವಿಂದ. ಧನ್ಯಾ ಹಾಸ್ಟೆಲಿಗೆ ಹೋದ ಮೇಲೆ ಭಾನುವಾರದ ಅವಳ ಫೋನೇ ನನ್ನ ವಾರದ ದೊಡ್ಡ ಸಂಗತಿ.

ಒಂಟಿತನ ಎಂದರೆ ದಿಂಬು ಒದ್ದೆಯಾಗುವುದು ಎಂದುಕೊಂಡವರಿದ್ದಾರೆ. ನನ್ನದು ಹಾಗಿರಲಿಲ್ಲ. ಒಂದು ತೆಂಗಿನಕಾಯಿ ಒಡೆದರೆ ಅರ್ಧ ಹೋಳು ಯಾವಾಗಲೂ ಫ್ರಿಜ್ಜಿನಲ್ಲಿ ಕೆಡುತ್ತಿತ್ತು. ಸಂಜೆ ಟೀವಿ ಹಾಕುವುದು ನೋಡುವುದಕ್ಕಲ್ಲ, ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಎಂದು. ಕ್ಯಾಂಪೇನಿನ ಕೆಲಸವನ್ನು ನಾನು ಒಪ್ಪಿಕೊಂಡಿದ್ದೂ ಸಮಾಜಸೇವೆಗಲ್ಲ. ಸಂಜೆಗಳು ಉದ್ದವಾಗಿದ್ದವು, ಅಷ್ಟೇ.

ಅವನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಕೊಂಡಪಲ್ಲಿಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಕಾರ್ಖಾನೆ, ವಿಜಯವಾಡದಲ್ಲಿ ತಾಯಿ ಬಿಟ್ಟುಹೋದ ಮನೆ. ಮದುವೆ ಎಂದೋ ಆಗಿ ಎಂದೋ ಮುರಿದಿತ್ತು. ಅದರ ಬಗ್ಗೆ ಅವನು ಹೇಳಲಿಲ್ಲ, ನಾನು ಕೆದಕಲಿಲ್ಲ.

ತಿಂಗಳಿಗೊಮ್ಮೆ ಅವನು ರೈಲಿನಲ್ಲಿ ಇಲ್ಲಿಗೆ ಬರುತ್ತಿದ್ದ, ಇನ್ನೊಮ್ಮೆ ನಾನು ಅಲ್ಲಿಗೆ. ಒಂದು ಸಲ ಅಚ್ಯುತಾಪುರಂನ ಫ್ಯಾಕ್ಟರಿ ಮಾಲೀಕರೊಬ್ಬರು ಗೇಟಿನ ಹೊರಗೆ ನಮ್ಮನ್ನು ಮಧ್ಯಾಹ್ನದವರೆಗೆ ಕಾಯಿಸಿದರು. ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ನನ್ನ ಕಾರಿನಲ್ಲೇ ಕೂತು ತಿಂದೆವು. ಅವನು ಡಬ್ಬಿಯ ತಳ ಕಾಣುವವರೆಗೆ ಮಾತಾಡಲಿಲ್ಲ. ವಾಪಸಾಗುವಾಗ ಸ್ಟಿಯರಿಂಗ್ ಅವನ ಕೈಯಲ್ಲಿತ್ತು. ಕಣ್ಣು ಮಾತ್ರ ಆಗಾಗ ಎಡಕ್ಕೆ ಜಾರಿ, ಗಾಳಿಗೆ ಕೆದರಿದ ನನ್ನ ಕೂದಲ ಮೇಲೆ ನಿಂತು, ಕಳ್ಳನ ಹಾಗೆ ವಾಪಸು ಹೋಗುತ್ತಿತ್ತು.

"ರಸ್ತೆ ಆ ಕಡೆ ಇದೆ," ಎಂದೆ.

"ರಸ್ತೆ ಎಲ್ಲಿಗೂ ಹೋಗಂಗಿಲ್ಲಂಡಿ."

"ನಾನೂ ಎಲ್ಲೂ ಹೋಗಲ್ಲ."

ಬಾಯಿ ತಪ್ಪಿ ಬಂದ ಮಾತು. ಅವನ ಕಿವಿ ಕೆಂಪಾಯಿತು. ನಾನು ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ಇದೆ ಎಂಬಂತೆ ನೋಡತೊಡಗಿದೆ.

ಅಂದಿನಿಂದ ನನಗೆ ಒಂದು ಭಯ ಶುರುವಾಯಿತು. ಹಾಸ್ಟೆಲಿಗೆ ಹಣ ಕೂಡುತ್ತಾ ಬಂದಿತ್ತು. ಕೂಡಿ ಮುಗಿದರೆ ಕ್ಯಾಂಪೇನೂ ಮುಗಿಯುತ್ತದೆ, ರೈಲು ಹತ್ತಲು ನೆಪ ಉಳಿಯುವುದಿಲ್ಲ. ಬಂದ ಹಣದಲ್ಲಿ ಕೆಳಗಿನ ಮಹಡಿ ಆಗಲೇ ಎದ್ದಿತ್ತು, ಕೊನೆಗೆ ಮೇಲಿನ ಮಹಡಿಯೊಂದು ಬಾಕಿಯಿತ್ತು. ಅದನ್ನು ಕೊಡಬಲ್ಲವರು ವಿಜಯವಾಡದ ಕೋಟೇಶ್ವರಮ್ಮ. ಮೊಮ್ಮಕ್ಕಳೆಲ್ಲ ಅದೇ ಶಾಲೆಯಲ್ಲಿ ಓದಿದವರು. ಹೋದಾಗಲೆಲ್ಲ ನಮಗೆ ಹೊಟ್ಟೆ ತುಂಬ ಪುಳಿಹೋರ ಬಡಿಸಿ, "ಇನ್ನೊಮ್ಮೆ ಬನ್ನಿ, ನೋಡೋಣ" ಎಂದು ಸಾಗಹಾಕುತ್ತಿದ್ದರು. ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಎದೆ ಹಗುರಾಗುತ್ತಿತ್ತು. ಮುಖ್ಯಸ್ಥೆ ಎನಿಸಿಕೊಂಡವಳು ದಾನಿ ಒಪ್ಪದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುವುದನ್ನು ಶಾಲೆಯವರು ಕಂಡಿದ್ದರೆ ಕೆಲಸದಿಂದ ಕಿತ್ತುಹಾಕುತ್ತಿದ್ದರು.

ಬೇಸಿಗೆಯ ಒಂದು ಬೆಳಗ್ಗೆ ಕೋಟೇಶ್ವರಮ್ಮ ಪುಳಿಹೋರ ಬಡಿಸಿ ಕೈ ತೊಳೆದು ಬಂದು, "ಸರೇ ಅಮ್ಮಾ, ಇಸ್ತಾನು" ಎಂದು ಒಪ್ಪಿಕೊಂಡುಬಿಟ್ಟರು.

ನಾನು ಇಂದುಧರನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಧನ್ಯವಾದ ಹೇಳಬೇಕೆಂದೇ ಹೊಳೆಯಲಿಲ್ಲ.

"ಇದೇನಮ್ಮಾ," ಎಂದರು ಮುದುಕಿ ತೆಲುಗಿನಲ್ಲಿ, "ಕೊಡುತ್ತೇನೆ ಎಂದರೆ ಅಳುಮೋರೆ ಹಾಕುವವರನ್ನು ಇವತ್ತೇ ನೋಡಿದ್ದು!"

ಅವನಿಗೂ ಅಷ್ಟೇ ಸಂಕಟವಾಗಿದೆ ಎಂದು ಆಗ ನನಗೆ ಖಾತ್ರಿಯಾಯಿತು. ಕ್ಯಾಂಪೇನಿನ ಸಮಾರೋಪದ ದಿನ ಏನಾದರೂ ಹೇಳಿಯೇ ಹೇಳುತ್ತಾನೆ ಎಂದು ನಂಬಿದೆ. ಬೀರುವಿನ ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಸಾಸಿವೆ ಬಣ್ಣದ ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡು ಹೋದೆ. ನಾಚಿಕೆಯಾಯಿತು, ಆದರೂ ಉಟ್ಟೆ.

ಶಾಲೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಬೇರೆಯವರನ್ನು ಕೇಳುವ ಮುಖ್ಯಸ್ಥರು ತಾವೂ ಕೊಡಬೇಕು, ಕೊಟ್ಟವರು ಹೇಳಿದ ಹೆಸರನ್ನು ಕೋಣೆಯ ಬಾಗಿಲಿಗೆ ಹಾಕುತ್ತಾರೆ. ನಾನು ಅಂಗಳಕ್ಕೆ ಒಂದು ಕಲ್ಲುಬೆಂಚು ಕೊಟ್ಟಿದ್ದೆ, ಹೆಸರು ಬೇಡ ಎಂದಿದ್ದೆ. ಇಂದುಧರ ಓದುವ ಕೋಣೆ ಕೊಟ್ಟಿದ್ದಾನೆ ಎಂದು ಗೊತ್ತಿತ್ತು. ಪ್ರಿನ್ಸಿಪಾಲ್ ಸೀತಾಮಹಾಲಕ್ಷ್ಮಿಯವರು ತುಂಬಿದ ಸಭೆಯಲ್ಲಿ ಅದರ ಫಲಕದ ಮೇಲಿನ ಬಟ್ಟೆ ಸರಿಸಿದರು.

ಕಮಾಂಡರ್ ಅರವಿಂದ ಸ್ಮಾರಕ ವಾಚನಾಲಯ.

ಚಪ್ಪಾಳೆ ಬಿತ್ತು. ಯಾರೋ ನನ್ನನ್ನು ತಬ್ಬಿಕೊಂಡರು, ಇನ್ಯಾರೋ ಕರ್ಚೀಫು ಕೊಟ್ಟರು. ಕೃತಜ್ಞಳಾದ ವಿಧವೆ ಹೇಗೆ ನಿಲ್ಲಬೇಕೋ ಹಾಗೆ ನಿಂತು ಕೈಮುಗಿದೆ. ಮೈಮೇಲಿನ ರೇಷ್ಮೆ ಚುಚ್ಚಿತು. ಕಂಬದ ಪಕ್ಕದಲ್ಲಿ ಇಂದುಧರ ಫಸ್ಟ್ ಕ್ಲಾಸ್ ಬಂದ ಹುಡುಗನ ಹಾಗೆ ನಿಂತಿದ್ದ. ನನ್ನ ಮುಖ ನೋಡಿದ ಮೇಲೆ ಅವನ ನಗು ಆರಿತು.

"ಮೊದಲಿಂದ ಅವರ ತಾಯಿಯ ಹೆಸರೇ ಇತ್ತು," ಎಂದು ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ ಹೇಳಿದರು. "ಹೋದ ತಿಂಗಳು ಬದಲಾಯಿಸಿದರು. ಎಷ್ಟು ದೊಡ್ಡ ಮನಸ್ಸು ನೋಡಿ!"

ವಿಜಯವಾಡ ಸ್ಟೇಷನ್ನಿನವರೆಗೆ ಕಾರಿನಲ್ಲಿ ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ನಾನು ಅವನ ಕಡೆ ತಿರುಗಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ, ಸಮೋಸಾ ಮಾರುವವರ ಕೂಗಿನ ನಡುವೆ, ತಡೆಯಲಾಗಲಿಲ್ಲ.

"ಯಾಕೆ ಹೀಗೆ ಮಾಡಿದ್ರಿ?"

"ನಿಮಗ ಏನಾರ ಕೊಡಬೇಕು ಅನಿಸ್ತು. ನಾನು ಕೊಟ್ರ ನೀವು ತಗೊಳ್ಳಂಗಿಲ್ಲ. ಅವರ ಹೆಸರಿಗೆ ಕೊಟ್ರ ಬ್ಯಾಡ ಅನ್ನಂಗಿಲ್ಲ ಅಂತ..."

"ಅರವಿಂದ ಜನ್ಮದಲ್ಲಿ ಒಂದು ಪುಸ್ತಕ ಪೂರ್ತಿ ಓದಿದೋನಲ್ಲ. ಪೇಪರ್ ಹಿಡಿದ್ರೆ ನಿದ್ದೆ ಹೋಗ್ತಿದ್ದ. ಅವನ ಹೆಸರಲ್ಲಿ ವಾಚನಾಲಯ!"

ಅವನು ಬೆಪ್ಪಾಗಿ ನೋಡಿದ. ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ.

"ಅವನನ್ನ ನಾನು ಮರೆತಿಲ್ಲ. ಮರೆಯೋದೂ ಇಲ್ಲ. ಆದ್ರೆ ಮನೆ ಹತ್ರ ನಾನು ಅವನ ಹೆಂಡತಿ, ಸ್ಕೂಲಲ್ಲಿ ಧನ್ಯಾಳ ಅಮ್ಮ. ನಿಮ್ಮ ಪಕ್ಕದ ಸೀಟಲ್ಲಿ ಕೂತಾಗ ಮಾತ್ರ ನಮ್ರತಾ ಆಗಿರ್ತಿದ್ದೆ. ಅಲ್ಲಿಗೂ ಅವನನ್ನ ಕರ್ಕೊಂಡು ಬಂದು ಕೂರಿಸಿಬಿಟ್ರಲ್ಲ. ಇವಳು ಇವರ ಹೆಂಡತಿ, ನೆನಪಿರಲಿ ಅಂತ ಬಾಗಿಲಿಗೇ ಬರೆಸಿದ್ರಲ್ಲ."

"ತಪ್ಪಾತು," ಎಂದ. "ನನಗ ಹಕ್ಕಿಲ್ಲ ಅಂದ್ಕೊಂಡಿದ್ದೆ. ಹಕ್ಕಿದ್ದೋರ ಹೆಸರಾರ ಇರಲಿ ಅಂತ ಹಾಕಿಸಿದೆ."

"ನಿಮ್ಮ ಅವ್ವನ ಹೆಸರು ಹಾಕಿಸಿ. ಬಳ್ಳಾರಿಯಿಂದ ಬರೋ ವಾರಪತ್ರಿಕೆಗೆ ಪೋಸ್ಟ್‌ಮ್ಯಾನ್ ದಾರಿ ಕಾಯ್ತಿದ್ರು ಅಂತ ನೀವೇ ಹೇಳಿದ್ರಲ್ಲ."

ರೈಲು ಬಂದು ನಿಂತಿತು. ನಾನು ಹತ್ತಿ ಬಾಗಿಲಲ್ಲೇ ನಿಂತೆ. ಅವನು ಕೆಳಗೆ, ಕಂಬಿಯ ಮೇಲೆ ಕೈಯಿಟ್ಟು ನಿಂತಿದ್ದ. ನನ್ನ ಕೈಗೂ ಅವನ ಕೈಗೂ ನಡುವೆ ಒಂದು ಗೇಣೂ ಇರಲಿಲ್ಲ.

"ಇದನ್ನ ಹೇಳಾಕ ನನಗ ಕನ್ನಡದಾಗ ಮಾತು ಗೊತ್ತಿಲ್ಲ," ಎಂದ. "ಅವ್ವ ಕಲಿಸಿಲ್ಲ. ತೆಲುಗಿನಾಗ ಹೇಳಿದ್ರ ಸಿನಿಮಾ ಡೈಲಾಗ್ ಆಗ್ತೈತಿ."

"ಗೊತ್ತಿರೋ ಮಾತಲ್ಲೇ ಹೇಳಿ."

ರೈಲು ಅಲುಗಿತು. ಅವನು ಜೊತೆಯಲ್ಲೇ ನಾಲ್ಕು ಹೆಜ್ಜೆ ಬಂದ.

"ಒಬ್ಬಾಕಿನ ಇರಬ್ಯಾಡ," ಎಂದ. ಈ ಸಲ ತಿದ್ದಿಕೊಳ್ಳಲಿಲ್ಲ.

ನಾನು ಉತ್ತರ ಕೊಡುವಷ್ಟರಲ್ಲಿ ಪ್ಲಾಟ್‌ಫಾರ್ಮ್ ಹಿಂದೆ ಹೋಗಿತ್ತು.

ಆಮೇಲಿನ ದಿನಗಳನ್ನು ಹೇಗೆ ದೂಡಿದೆನೋ ನಾನೇ ಬಲ್ಲೆ. ಅವನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಮೆಸೇಜು ಬರೆಯುವುದು, ಅಳಿಸುವುದು. ಅಲ್ಲಿಯವರೆಗೆ ನಮ್ಮ ಪ್ರತಿ ಮಾತಿಗೂ ಒಂದು ಕೆಲಸದ ಮುಸುಕಿತ್ತು. ಆ ಮುಸುಕಿಲ್ಲದೆ ಒಂದು 'ಹೇಗಿದ್ದೀರಿ' ಬರೆಯಲೂ ಧೈರ್ಯ ಸಾಲದು. ಸಮುದ್ರದ ಮೇಲೆ ಹಡಗುಗಳು ಬಂದರಿನ ಸರದಿಗಾಗಿ ಕಾದು ನಿಂತಿರುತ್ತಿದ್ದವು. ನೋಡಿ ನೋಡಿ ಬೇಜಾರಾಗಿ ಪರದೆ ಎಳೆದೆ. ಟೀವಿಯ ಸದ್ದು ಜೋರು ಮಾಡಿದರೂ ಮನೆ ಭಣಭಣ ಎನ್ನುತ್ತಿತ್ತು. ಅವನ ಆ ಒಂದು ಮಾತು ಕೇಳಿದ ಮೇಲೆ ಒಬ್ಬಳೇ ಇರುವುದು ಮೊದಲಿನಷ್ಟು ಸುಲಭವಾಗಿರಲಿಲ್ಲ.

ಭಾನುವಾರ ಧನ್ಯಾ ಫೋನ್ ಮಾಡಿದಳು. "ಅಮ್ಮಾ, ರೀಡಿಂಗ್ ರೂಮ್ ಬೋರ್ಡ್ ಚೇಂಜ್ ಮಾಡಿಬಿಟ್ರು. ರತ್ನಮ್ಮ ಅಂತ ಇದೆ. ಇಂದು ಅಂಕಲ್ ನನ್ನ ಹತ್ರ ಬಂದು ಸಾರಿ ಅಂದ್ರು, ಪಾಪಂ."

"ನಿಂಗೆ ಬೇಜಾರಾಯ್ತಾ?"

"ಛೆ! ಅಪ್ಪಂಗೆ ಬುಕ್ಸ್ ಅಂದ್ರೆ ಅಲರ್ಜಿ ಅಲ್ವಾ? ನಾನೇ ಅಂದ್ಕೊಂಡೆ, ನಿಂಗೆ ಹೇಳೋಕೆ ಭಯ ಆಯ್ತು." ಆಮೇಲೆ, "ಅಮ್ಮಾ, ಆ ದಿನ ಆ ಸೀರೆಯಲ್ಲಿ ಚಾಲಾ ಚೆನ್ನಾಗಿದ್ದೆ ನೀನು," ಎಂದಳು. ಮತ್ತೇನೂ ಹೇಳಲಿಲ್ಲ. ಜಾಣೆ.

ಫೋನಿಟ್ಟು ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಇಂಟರ್‌ಕಾಮ್ ಹೊಡೆದುಕೊಂಡಿತು. ಗೇಟು ಕಾಯುವ ರಾಜಮ್ಮ.

"ಮೇಡಂಗಾರೂ, ವಿಜಯವಾಡದಿಂದ ಇಂದುಧರ್‌ಗಾರು ಬಂದಿದ್ದಾರೆ. ಸ್ಕೂಲ್ ಕೆಲಸವೇನಾ?" ಎಂದಳು ತೆಲುಗಿನಲ್ಲಿ.

ಗೇಟಿನ ಬಳಿಯ ಮರದ ಕೆಳಗೆ ಭಾನುವಾರ ಬೆಳಗ್ಗೆ ಯಾರು ಯಾರು ಕೂತಿರುತ್ತಾರೆ ಎಂದು ನನಗೆ ಗೊತ್ತು. ಕ್ಯಾಪ್ಟನ್ನರು, ಅವರ ಹೆಂಡಿರು, ಅರವಿಂದನ ಜೊತೆ ವಾಲಿಬಾಲ್ ಆಡಿದವರು. ರಾಜಮ್ಮನ ಫೋನಿನ ಸ್ಪೀಕರು ಎಷ್ಟು ಜೋರಾಗಿ ಕೂಗುತ್ತದೆ ಎಂಬುದೂ ಗೊತ್ತು. ಹೌದು, ಸ್ಕೂಲ್ ಕೆಲಸ ಎಂದರೆ ಸಾಕು, ಯಾರೂ ತಲೆಯೆತ್ತಿ ನೋಡುವುದಿಲ್ಲ. ಆ ಕಡೆ ಅವನು ನಿಂತು ಇದನ್ನೇ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ನೆನಪಾಯಿತು.

"ಸ್ಕೂಲ್ ಕೆಲಸ ಮುಗಿದುಹೋಯಿತು ರಾಜಮ್ಮಾ," ಎಂದೆ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ತೆಲುಗಿನಲ್ಲೇ. "ಅವರು ನನ್ನನ್ನು ನೋಡುವುದಕ್ಕೆ ಬಂದಿದ್ದಾರೆ. ಇನ್ನು ಮೇಲೆ ಬಂದಾಗಲೆಲ್ಲ ಕೇಳುತ್ತ ಕೂರಬೇಡ, ಒಳಗೆ ಕಳಿಸು."