ನೀವು ಮೊದಲು

ಪರದೆಯ ತುಂಬ ಒಂದೇ ಮಾತು: ‘ನೀವು ಮೊದಲು.’ ಅದರ ಕೆಳಗೆ, ‘ಇಲ್ಲ, ನೀವು ಮೊದಲು.’ ಹೀಗೇ ನಾಲ್ಕು ಸಾವಿರ ಸಾಲು.

ತಪ್ಪು ಹುಡುಕುವುದೇ ಕೆಲಸವಾಗಿದ್ದ ಟೆಸ್ಟರ್ ಹುಡುಗಿಗೆ ನಗು ಬಂತು. ಟಿಕೆಟ್ ಕಾಯ್ದಿರಿಸುವ ಪ್ರೋಗ್ರಾಮಿನಲ್ಲಿ ಒಟ್ಟಿಗೇ ಓಡುವ ಎರಡು ಕೆಲಸಗಳು, ಅಂದರೆ ಪ್ರೊಸೆಸ್‌ಗಳು, ಒಂದೇ ಸೀಟಿಗೆ ಕೈಹಾಕಿದರೆ ಜಗಳವಾಗದಿರಲೆಂದು, ಪ್ರೋಗ್ರಾಮ್ ಬರೆದ ಸಹೋದ್ಯೋಗಿ ಅವಕ್ಕೆ ಹಿಂದೆ ಸರಿಯುವುದನ್ನು ಕಲಿಸಿದ್ದ. ಎರಡೂ ಒಟ್ಟಿಗೇ ಸರಿದವು, ಎರಡು ಸೆಕೆಂಡು ಕಾದು ಒಟ್ಟಿಗೇ ಬಂದವು, ಮತ್ತೆ ‘ನೀವು ಮೊದಲು’ ಎಂದು ಸರಿದವು. ಸೀಟು ಖಾಲಿಯೇ ಉಳಿಯಿತು.

ಬರೆದವನ ಬುದ್ಧಿಯೇ ಬರಹಕ್ಕೂ ಬಂದಿತ್ತು. ಆಫೀಸಿನವರು ಅವನನ್ನು ‘ಮೌನಿ’ ಎನ್ನುತ್ತಿದ್ದರು. ಬೆಳಿಗ್ಗೆ ಬಾಗಿಲಲ್ಲಿ ಎದುರಾದಾಗ ಅವನು ಸರಿದ ಕಡೆಗೇ ಅವಳೂ ಸರಿದಳು. ಇನ್ನೊಂದು ಕಡೆಗೆ ಹೋದರೆ ಅಲ್ಲೂ ಅವನೇ. ಅವನ ಕಿವಿ ಕೆಂಪಾಯಿತು. ಆ ಕೆಂಪು ಅವಳ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

ಸಂಜೆ ಐದರೊಳಗೆ ಅವಳು ಉತ್ತರ ಕೊಡಬೇಕಿತ್ತು: ಬೇರೆ ಊರಿನ ಆಫೀಸಿಗೆ ವರ್ಗ, ಹೂಂ ಅಥವಾ ಊಹೂಂ. ಆಫೀಸಿಗೆಲ್ಲ ಗೊತ್ತಿದ್ದ ವಿಷಯ. ಅವನು ಒಂದೇ ಒಂದು ಮಾತಾಡಿದರೆ ಸಾಕು, ಊಹೂಂ ಎನ್ನಲು ತುದಿಗಾಲಲ್ಲಿ ನಿಂತಿದ್ದಳು.

“ನೀನೇ ಹೇಳ್ಬಿಡೇ,” ಎಂದಿದ್ದಳು ಅಕ್ಕ, ಫೋನಿನಲ್ಲಿ. “ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ನೀವಿಬ್ರೂ ಮರ್ಯಾದೆ ಮಾಡ್ಕೊಂಡೇ ಮುದುಕರಾಗ್ತೀರ!”

ನಾಲ್ಕೂವರೆ. ಕಿಟಕಿಯ ಬಿಸಿಲು ಮೇಜಿನ ಮೇಲೆ ಜೇನಿನಂತೆ ಹರಡಿತ್ತು. ಅವನು ಬಂದು ಪಕ್ಕದ ಕುರ್ಚಿ ಎಳೆದುಕೊಂಡ.

“ನಾನೊಂದು...”

“ನಾನೂ ಒಂದು...”

ಇಬ್ಬರೂ ಒಟ್ಟಿಗೇ ಮಾತು ನಿಲ್ಲಿಸಿದರು.

“ನೀವು ಮೊದಲು ಹೇಳಿ,” ಎಂದ.

“ಛೇ, ನೀವು ಮೊದಲು.”

ಅವಳು ಪರದೆ ನೋಡಿದಳು. ಅವನೂ ನೋಡಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

“ಇದಕ್ಕೇನ್ರೀ ಮದ್ದು?” ಎಂದಳು.

“ಪ್ರತಿ ಪ್ರೊಸೆಸ್‌ಗೂ ಒಂದು ನಂಬರ್ ಇರುತ್ತೆ. ಒಂದು ನಿಯಮ ಹಾಕ್ಬೇಕು. ಚಿಕ್ಕ ನಂಬರ್ ಯಾರದ್ದೋ, ಅವರು ಹಿಂದೆ ಸರಿಯೋ ಹಾಗಿಲ್ಲ.”

ಅವಳು ಕೊರಳಿನ ಐಡಿ ಕಾರ್ಡ್ ಮೆಲ್ಲಗೆ ಎತ್ತಿ ಹಿಡಿದಳು: ಮುನ್ನೂರ ಹನ್ನೆರಡು. ಅವನ ಕಾರ್ಡನ್ನು ಕಣ್ಣಲ್ಲೇ ತೋರಿಸಿದಳು: ಅರವತ್ತೇಳು.

ಅವನ ಕಿವಿ ಮತ್ತೆ ಕೆಂಪಾಯಿತು. ಎದ್ದೇ ಹೋಗುತ್ತಾನೆ ಎಂದುಕೊಂಡಳು. ಅವನು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

“ಹೋಗ್ಬೇಡಿ,” ಎಂದ. “ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ದಾರಿ ಬಿಟ್ಟು ನಿಲ್ಲೋದೇ ಮರ್ಯಾದೆ ಅಂದ್ಕೊಂಡಿದ್ದೆ.”

ಅವಳು ಕೀಬೋರ್ಡ್ ಹತ್ತಿರ ಎಳೆದುಕೊಂಡು ವರ್ಗದ ಪತ್ರಕ್ಕೆ ಉತ್ತರ ಬರೆದಳು: ‘ಕ್ಷಮಿಸಿ, ಬರಲಾಗುವುದಿಲ್ಲ.’ ಅವನು ನೋಡುತ್ತಿರುವಾಗಲೇ ಕಳಿಸಿದಳು.

“ನೀವೂ ಏನೋ ಹೇಳ್ಬೇಕು ಅಂದ್ರಲ್ಲ?” ಎಂದ.

“ಅದೇ ಮಾತು,” ಎಂದಳು. “ನೀವು ಮೊದಲು ಹೇಳಿದ್ರಿ, ಅಷ್ಟೇ.”