ಗುಡ್ಡದ ಮೇಲೆ ಕೂತುಬಿಟ್ಟ ಮಮ್ಮಿ

"ಮಮ್ಮಿ, ಈ ಶೂ ಹಾಕಿ ಓಡುದಾ? ಇದು ಹಾಸ್ಪಿಟಲ್ ಶೂ ಅಲ್ವಾ!"

ಅಲಿಶಾ ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು. ಮಾತು ಜೋರಾಗಿಯೇ ಬಂತು. ಪಕ್ಕದಲ್ಲಿ ನಿಂತಿದ್ದ ಗೆಳತಿ ರಸೀನಾ ತಿರುಗಿ ನೋಡಿದಳು.

"ಹಾಸ್ಪಿಟಲ್‌ನಲ್ಲಿ ನರ್ಸ್ ಏನು ಕೂತುಕೊಂಡಿರ್ತಾಳಾ? ಇದನ್ನು ಹಾಕಿಯೇ ವಾರ್ಡಿಡೀ ಓಡುದು," ಎಂದು ಮಮ್ಮಿ ಬಗ್ಗಿ ಬಿಳಿ ಶೂಗಳ ಲೇಸನ್ನು ಬಿಗಿಯಾಗಿ ಕಟ್ಟಿದಳು.

ದುಬೈಗೆ ಸೇರಿದ ಹತ್ತಾ ಎಂಬ ಊರಿನ ಗುಡ್ಡಗಳ ಮೇಲೆ ಆಗಷ್ಟೇ ಬಿಸಿಲು ಬೀಳುತ್ತಿತ್ತು. ಗಾಳಿ ತಣ್ಣಗಿತ್ತು. ಇವತ್ತು ಇಲ್ಲಿ ಫ್ಯಾಮಿಲಿ ಟ್ರೇಲ್ ರನ್, ಅಂದರೆ ಗುಡ್ಡದ ದಾರಿಯ ಓಟ. ಒಂದು ಟೀಮಿನಲ್ಲಿ ಒಂದು ಮಗು, ಒಬ್ಬರು ದೊಡ್ಡವರು. ಇಬ್ಬರೂ ಒಟ್ಟಿಗೇ ಕೊನೆಯ ಗೆರೆ ದಾಟಬೇಕು. ಒಬ್ಬರು ಮುಂದೆ ಬಂದು ಇನ್ನೊಬ್ಬರು ಹಿಂದೆ ಉಳಿದರೆ ಲೆಕ್ಕಕ್ಕಿಲ್ಲ.

ಅಲಿಶಾ ಓಡಬೇಕಾಗಿದ್ದದ್ದು ಪಪ್ಪನ ಜೊತೆ. ಅಬುಧಾಬಿಯ ಕಡಲ ದಂಡೆಯ ರಸ್ತೆ ಕಾರ್ನಿಶ್‌ನಲ್ಲಿ ಇಬ್ಬರೂ ಸಂಜೆ ಸಂಜೆ ಪ್ರಾಕ್ಟೀಸ್ ಮಾಡಿದ್ದರು. ರೂಟ್ ಮ್ಯಾಪ್ ಅವಳಿಗೆ ಬಾಯಿಪಾಠ. ಮೊದಲು ಖರ್ಜೂರದ ತೋಟ, ಆಮೇಲೆ ವಾದಿ ಎನ್ನುವ ಹೊಳೆ, ಆಮೇಲೆ ಗುಡ್ಡ, ಗುಡ್ಡ ಇಳಿದರೆ ಡ್ಯಾಮಿನ ಹತ್ತಿರ ಫಿನಿಶ್. ಆದರೆ ಮೊನ್ನೆ ಬಿಲ್ಡಿಂಗಿನ ಹಿಂದೆ ಬ್ಯಾಡ್ಮಿಂಟನ್ ಆಡುವಾಗ ಪಪ್ಪನ ಕಾಲು ಉಳುಕಿತು. ಪಾದ ಬನ್ನಿನ ಹಾಗೆ ಊದಿಕೊಂಡಿತು.

"ಇನ್ನೆಂತ ರನ್! ಖಲಾಸ್!" ಎಂದು ಅಲಿಶಾ ಅಳಲು ಶುರುಮಾಡಿದಾಗ ಮಮ್ಮಿ, "ಯಾಕೆ ಖಲಾಸ್? ನಾನಿಲ್ವಾ?" ಅಂದಿದ್ದಳು.

ಅಲಿಶಾಳ ಅಳು ನಿಂತಿತು. ಹೊಸ ಚಿಂತೆ ಶುರುವಾಯಿತು. ಮಮ್ಮಿ ಓಡಿದ್ದನ್ನು ಅವಳು ನೋಡಿದ್ದು ಲಿಫ್ಟ್ ಬಾಗಿಲು ಮುಚ್ಚುವಾಗ ಮಾತ್ರ.

ಪೀಪೀ ಎಂದು ವಿಸಲ್ ಕೇಳಿತು. "ಯಲ್ಲಾ, ಯಲ್ಲಾ!" ಹೊರಡಿ ಎಂದು ಯಾರೋ ಅರಬಿಯಲ್ಲಿ ಕೂಗಿದರು. ಎಲ್ಲರೂ ಓಡಿದರು.

ಖರ್ಜೂರದ ತೋಟದ ನಡುವೆ ಸಣ್ಣ ದಾರಿ. ದಾರಿಯ ಬದಿಗೆ ಕಿರುಕಾಲುವೆಯಲ್ಲಿ ನೀರು ಜುಳುಜುಳು ಹರಿಯುತ್ತಿತ್ತು. ಗಿಡಗಳಿಗೆ ಅಲ್ಲಲ್ಲಿ ಕೆಂಪು ರಿಬ್ಬನ್ ಕಟ್ಟಿದ್ದರು, ದಾರಿ ತಪ್ಪಬಾರದೆಂದು. ರಸೀನಾ ಮತ್ತು ಅವಳ ಉಪ್ಪ, ಅಂದರೆ ಅಪ್ಪ ಇಲ್ಯಾಸ್ ಅಂಕಲ್, ಇಬ್ಬರೂ ಹಳದಿ ಟೀ ಶರ್ಟು ಹಾಕಿಕೊಂಡು ಸರಸರ ಮುಂದೆ ಹೋದರು. ರಸೀನಾ ಅಲಿಶಾಳ ಕ್ಲಾಸ್‌ಮೇಟ್, ಮೇಲಿನ ಮಾಳಿಗೆಯವಳು. "ಫಿನಿಶಲ್ಲಿ ಸಿಗುವ!" ಎಂದು ಕೈ ಬೀಸಿದಳು.

ಮಮ್ಮಿ ಓಡುವ ರೀತಿಯೇ ಬೇರೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಬಸ್ಸು ಹಿಡಿಯುವವರ ಹಾಗೆ. ಅದರ ಮೇಲೆ ದಾಟಿ ಹೋದವರಿಗೆಲ್ಲ "ಗುಡ್ ಮಾರ್ನಿಂಗ್!" ಬೇರೆ.

"ಮಮ್ಮಿ, ಇದು ರೇಸ್!"

"ರೇಸಿನಲ್ಲಿ ಗುಡ್ ಮಾರ್ನಿಂಗ್ ಹೇಳ್ಬಾರ್ದು ಅಂತ ಉಂಟಾ?... ಅಯ್ಯೋ, ಆಡಿನ ಮರಿ ನೋಡು ಅಲಿಶಾ!"

ಅಲಿಶಾ ಮಮ್ಮಿಯ ತೋಳು ಹಿಡಿದು ಎಳೆದಳು.

ತೋಟ ಮುಗಿದು ವಾದಿ ಬಂತು. ಎರಡು ಗುಡ್ಡಗಳ ನಡುವಿನ ಕಲ್ಲಿನ ಹೊಳೆ ಅದು. ಹೆಚ್ಚಾಗಿ ಒಣಗಿಯೇ ಇರುತ್ತದೆ. ಹೋದ ವಾರ ಮಳೆ ಬಂದಿದ್ದರಿಂದ ಕಲ್ಲುಗಳ ಸಂದಿಯಲ್ಲಿ ನೀರು ಹರಿಯುತ್ತಿತ್ತು. ದಡದಲ್ಲಿ ಗುಲಾಬಿ ಬಣ್ಣದ ಕಣಗಿಲೆ ಹೂ. ಅಲಿಶಾ ಕಲ್ಲಿಂದ ಕಲ್ಲಿಗೆ ಹಾರಿದಳು. ಮಮ್ಮಿ ಕಲ್ಲಿನ ಗೊಡವೆಗೇ ಹೋಗಲಿಲ್ಲ. ಶೂ ಸಮೇತ ನೀರಿಗೆ ಇಳಿದು ಪಚಪಚ ನಡೆದೇ ದಾಟಿದಳು.

"ಬೇಗ ಆಯ್ತು ನೋಡು!" ಅಂದಳು.

ನಿಜವೇ. ಕಲ್ಲಿನ ಮೇಲೆ ತಡವರಿಸುತ್ತಿದ್ದ ಕೆಲವು ಟೀಮುಗಳು ಈಗ ಹಿಂದಿದ್ದವು. ಅಲಿಶಾಳಿಗೆ ನಗು ಬಂತು. ಪರವಾಗಿಲ್ಲ, ತೀರ ಹಿಂದೆ ಬೀಳಲಿಕ್ಕಿಲ್ಲ ಅನ್ನಿಸಿತು.

ಗುಡ್ಡ ಹತ್ತುವಾಗ ಮಮ್ಮಿ ಉಸ್ ಉಸ್ ಎಂದರೂ ನಿಲ್ಲಲಿಲ್ಲ. ಮೇಲೆ ತಲುಪಿದಾಗ ಒಂದು ಕಡೆ ಎತ್ತರದ ಬಂಡೆ. ಇನ್ನೊಂದು ಕಡೆ ಏನೂ ಇಲ್ಲ, ಬರೀ ಗಾಳಿ. ನಡುವೆ ಸಣ್ಣ ದಾರಿ, ಅದರ ತುಂಬ ಜಲ್ಲಿಯಂಥ ಕಲ್ಲು. ದೂರ ಕೆಳಗೆ ಡ್ಯಾಮಿನ ಹಸಿರು ನೀರು. ಅಲಿಶಾ ಚಂಗನೆ ಇಳಿಯತೊಡಗಿದಳು.

ಸ್ವಲ್ಪ ದೂರ ಹೋಗಿ ತಿರುಗಿದರೆ ಮಮ್ಮಿ ಇಲ್ಲ.

ಅವಳು ವಾಪಸು ಹತ್ತಿದಳು. ದಾರಿಯಲ್ಲೇ ಮಮ್ಮಿ ಕೂತಿದ್ದಳು. ಬೆನ್ನನ್ನು ಬಂಡೆಗೆ ಅಂಟಿಸಿ, ಎರಡೂ ಕೈಯಲ್ಲಿ ಒಂದು ಕಲ್ಲನ್ನು ಹಿಡಿದುಕೊಂಡಿದ್ದಳು.

"ಮಮ್ಮಿ, ಸುಸ್ತಾಯ್ತಾ?"

"ಇಲ್ಲ."

"ಪೆಟ್ಟಾಯ್ತಾ?"

"ಇಲ್ಲ ಮಾರಾಯ್ತಿ. ಕೆಳಗೆ ನೋಡಿಬಿಟ್ಟೆ."

ಅಲಿಶಾ ತಮಾಷೆ ಅಂದುಕೊಂಡಳು. ಮಮ್ಮಿಗೆ ಹೆದರಿಕೆಯಾ? ರಕ್ತ ನೋಡಿದರೂ ಹೆದರದವಳು! ಜಿರಳೆ ಬಂದಾಗ ಪಪ್ಪ ಕುರ್ಚಿ ಹತ್ತಿದರೆ ಚಪ್ಪಲಿ ಹಿಡಿದು ಹೋಗುವವಳು!

"ಕಾಲೇ ಏಳ್ತಿಲ್ಲ. ಒಂದು ಐದು ನಿಮಿಷ ಕೂತುಕೊಳ್ತೇನೆ," ಅಂದಳು ಮಮ್ಮಿ. ಕಣ್ಣು ಮುಚ್ಚಿಕೊಂಡೇ ಇದ್ದಳು.

ಒಂದು ಟೀಮು ಅವರನ್ನು ದಾಟಿತು. ಇನ್ನೊಂದು ದಾಟಿತು. ದೂರ ಕೆಳಗೆ ಎರಡು ಹಳದಿ ಚುಕ್ಕೆಗಳು ಫಿನಿಶ್ ಕಡೆ ಓಡುತ್ತಿದ್ದವು. ಅಲಿಶಾಳಿಗೆ ಸಿಟ್ಟು ಬಂತು. 'ಆಗದಿದ್ದರೆ ಯಾಕೆ ಬಂದದ್ದು?' ಎಂದು ಕಿರುಚಿಬಿಡಬೇಕು ಅನ್ನಿಸಿತು. ಬಾಯಿ ತೆರೆದೂಬಿಟ್ಟಳು.

ಆಗ ಮಮ್ಮಿಯ ಕೈ ಕಂಡಿತು. ಕಲ್ಲು ಹಿಡಿದ ಬೆರಳುಗಳು ನಡುಗುತ್ತಿದ್ದವು. ಆ ಕೈ ನಡುಗಿದ್ದನ್ನು ಅಲಿಶಾ ಇದುವರೆಗೆ ಕಂಡೇ ಇರಲಿಲ್ಲ.

ಅವಳು ಬಾಯಿ ಮುಚ್ಚಿದಳು. ಮಮ್ಮಿಯ ಎದುರು ಕುಕ್ಕರುಗಾಲಲ್ಲಿ ಕೂತಳು. ಈಗ ಎಂತ ಮಾಡುವುದು? ತನಗೆ ಇಂಜೆಕ್ಷನ್ ಕೊಡುವಾಗ ಮಮ್ಮಿ ಎಂತ ಮಾಡ್ತಾಳೆ?

"ಮಮ್ಮಿ, ಕಣ್ಣು ಬಿಡು. ಕೆಳಗೆ ನೋಡ್ಬೇಡ, ನನ್ನನ್ನೇ ನೋಡು. ನಿನ್ನೆ ಊಟಕ್ಕೆ ಎಂತ ಇತ್ತು?"

"ಎಂತ?"

"ಊಟಕ್ಕೆ ಎಂತ ಇತ್ತು, ಹೇಳು."

"ಬಂಗುಡೆ... ಬಂಗುಡೆ ಸಾರು."

"ದೊಡ್ಡ ತುಂಡು ಯಾರಿಗೆ ಹಾಕಿದ್ದು?"

"ಪಪ್ಪನಿಗೆ."

"ಯಾಕೆ ಪಪ್ಪನಿಗೆ?"

"ಕಾಲು ಉಳುಕಿದೆ ಅಂತ..."

"ಕಾಲು ಉಳುಕಿದ್ದಕ್ಕೂ ಬಂಗುಡೆಗೂ ಎಂತ ಸಂಬಂಧ?"

ಮಮ್ಮಿಯ ತುಟಿ ಅಲುಗಿತು. "ಕಳ್ಳಿ! ಇದು ನನ್ನ ಟ್ರಿಕ್ ಅಲ್ವಾ?"

"ಬೇರೆ ಮಾತು ಬೇಡ. ಕೈ ಕೊಡು, ಏಳು. ಬಂಡೆ ಕಡೆ ನೀನು, ಈ ಕಡೆ ನಾನು."

"ಈ ಕಡೆ ನೀನಾ? ಬೇಡ ಬೇಡ! ನೀನು ನನ್ನ ಮುಂದೆ ನಡಿ. ಇಬ್ಬರೂ ಬಂಡೆಗೆ ತಾಗಿಯೇ ಹೋಗುವ."

ಅಷ್ಟು ಹೇಳುವಾಗ ಮಮ್ಮಿ ಎದ್ದು ನಿಂತೇಬಿಟ್ಟಿದ್ದಳು.

ಇಬ್ಬರೂ ಅಡ್ಡಡ್ಡ ಹೆಜ್ಜೆ ಇಟ್ಟು ಇಳಿದರು, ಏಡಿಗಳ ಹಾಗೆ. "ಈ ಕಲ್ಲು ಅಲ್ಲಾಡ್ತದೆ, ಇದರ ಮೇಲೆ ಬೇಡ... ಹಾಂ, ಇಲ್ಲಿಡು ಕಾಲು," ಎಂದು ಅಲಿಶಾ ಹೇಳುತ್ತಾ ಹೋದಳು. ನಡುನಡುವೆ ಪ್ರಶ್ನೆ ನಿಲ್ಲಿಸಲಿಲ್ಲ. ಬೀಬಿ ಟೀಚರಿನ ಕಾರಿನ ಬಣ್ಣ ಯಾವುದು? ಪಪ್ಪ ಬಾತ್‌ರೂಮಿನಲ್ಲಿ ಹಾಡುವುದು ಯಾವ ಹಾಡು? ಒಂದು ಕಡೆ ದಾರಿ ತೀರ ಜಾರುತ್ತಿತ್ತು. ಅಲ್ಲಿ ಮಮ್ಮಿ ಕೂತೇ ಸರ್ರನೆ ಜಾರಿದಳು. ಪ್ಯಾಂಟಿನ ಹಿಂಬದಿಯೆಲ್ಲ ಬೂದಿ ಬಣ್ಣ.

ಕೆಳಗೆ ತಿರುವಿನಲ್ಲಿ ಆರೆಂಜ್ ಜಾಕೆಟ್ ಹಾಕಿದ ವಾಲಂಟಿಯರ್ ಒಬ್ಬ ಇವರನ್ನು ನೋಡಿ ಓಡಿ ಬಂದ. "ಮ್ಯಾಡಮ್, ಯೂ ನೀಡ್ ಹೆಲ್ಪ್?"

"ನೋ, ಥ್ಯಾಂಕ್ಯೂ," ಅಂದಳು ಮಮ್ಮಿ. "ಐ ಹ್ಯಾವ್ ಮೈ ನರ್ಸ್."

ಅಲಿಶಾ ತಿರುಗಿ ನೋಡಲಿಲ್ಲ. ಆದರೆ ಅವಳ ಕಿವಿ ಬಿಸಿಯಾಯಿತು.

ಸಮತಟ್ಟು ಸಿಕ್ಕಿದ್ದೇ ತಡ, ಇಬ್ಬರೂ ಓಡಿದರು. ಕೊನೆಯ ಗೆರೆಯನ್ನು ಒಟ್ಟಿಗೇ ದಾಟಿದರು. ಅವರ ಹಿಂದೆ ಇನ್ನೊಂದೇ ಟೀಮು ಬಾಕಿ ಇತ್ತು, ಅದರಲ್ಲಿದ್ದ ಅಜ್ಜ ಫೋಟೋ ತೆಗೆಯುತ್ತಾ ಬರುತ್ತಿದ್ದರು.

ಪಪ್ಪ ಒಂದೇ ಕಾಲಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದ. ಪಕ್ಕದಲ್ಲಿ ರಸೀನಾ, ಇಲ್ಯಾಸ್ ಅಂಕಲ್ ಕಡಕ್ ಚಾಯ್ ಹಿಡಿದು ನಿಂತಿದ್ದರು.

"ಎಂತ ಇಷ್ಟು ಲೇಟು? ನಾವು ಆಗಲೇ ಬಂದಾಯ್ತು!" ಅಂದಳು ರಸೀನಾ.

ಅಲಿಶಾ ಮಮ್ಮಿಯ ಮುಖ ನೋಡಿದಳು. ಥಟ್ಟನೆ ಹೇಳಿದಳು: "ಮೇಲೆ ವ್ಯೂ ಚೆಂದ ಇತ್ತು. ನೋಡ್ತಾ ನಿಂತೆವು."

"ವ್ಯೂ ಅಂತೆ!" ಮಮ್ಮಿ ಜೋರಾಗಿ ನಕ್ಕಳು. "ನಾನು ಕಣ್ಣು ಬಿಟ್ಟಿದ್ದರೆ ಅಲ್ವಾ ವ್ಯೂ ಕಾಣುದು! ಹೆದರಿ ದಾರಿಯಲ್ಲೇ ಕೂತುಬಿಟ್ಟೆ ನಾನು. ಇವಳು ಬಂಗುಡೆ ಸಾರು ಕೇಳಿ ಕೇಳಿ ಕೆಳಗಿಳಿಸಿದ್ದು."

ಹೇಗೆ ಕೂತದ್ದು, ಹೇಗೆ ಜಾರಿದ್ದು, ಎಲ್ಲವನ್ನೂ ಮಮ್ಮಿ ಮಾಡಿ ತೋರಿಸಿದಳು. ಪಪ್ಪ ನಕ್ಕು ನಕ್ಕು ಉಳುಕಿದ ಕಾಲನ್ನೇ ನೆಲಕ್ಕೂರಿ "ಅಮ್ಮಾ!" ಅಂದ.

ಇಲ್ಯಾಸ್ ಅಂಕಲ್ ಗಡ್ಡ ಕೆರೆದುಕೊಂಡರು. "ನನಗೂ ಅಲ್ಲಿ ಕಾಲು ನಡುಗಿತು ಮಾರ್ರೆ. ಮಗಳು ಇದ್ದಳಲ್ಲ, ಹಾಗೆ ಹೇಳಲಿಲ್ಲ."

"ಉಪ್ಪಾ! ಅದಕ್ಕಾ ನನ್ನ ಟೀ ಶರ್ಟ್ ಹಿಡ್ಕೊಂಡದ್ದು?" ಎಂದು ರಸೀನಾ ಕಣ್ಣರಳಿಸಿದಳು.

ಎಲ್ಲರೂ ಇನ್ನೊಮ್ಮೆ ನಕ್ಕರು. ಅಲಿಶಾ ಮಮ್ಮಿಯನ್ನೇ ನೋಡುತ್ತಿದ್ದಳು. ಒದ್ದೆ ಶೂ, ಧೂಳು ಮೆತ್ತಿದ ಪ್ಯಾಂಟು, ಕೆದರಿದ ಕೂದಲು. ಗುಟ್ಟಾಗಿಯೇ ಇಡಬಹುದಿತ್ತು. ಅಲಿಶಾ ಯಾರಿಗೂ ಹೇಳುತ್ತಿರಲಿಲ್ಲ. ಆದರೂ ಮಮ್ಮಿ ಎಷ್ಟು ಸಲೀಸಾಗಿ ಹೇಳಿಬಿಟ್ಟಳು, ತಲೆನೋವು ಬಂದಿತ್ತು ಎನ್ನುವ ಹಾಗೆ.

ಕಾರು ಮೈದಾನದ ಆ ತುದಿಯಲ್ಲಿತ್ತು. ಪಪ್ಪ ಇಲ್ಯಾಸ್ ಅಂಕಲ್‌ನ ಹೆಗಲು ಹಿಡಿದು ಕುಂಟುತ್ತಾ ಮುಂದೆ ಹೋದ. ಅಲಿಶಾ ಮಮ್ಮಿಯ ಕೈ ಹಿಡಿದುಕೊಂಡಳು.

"ಇಲ್ಲಿ ಫ್ಲಾಟ್ ಉಂಟಲ್ಲ ಮಾರಾಯ್ತಿ. ನಾನು ಬೀಳುದಿಲ್ಲ," ಅಂದಳು ಮಮ್ಮಿ.

"ಗೊತ್ತುಂಟು," ಅಂದಳು ಅಲಿಶಾ. ಕೈ ಬಿಡಲಿಲ್ಲ.